ತೊಡಕು ಅಂದ್ರೆ ಅಡ್ಡಿನಾ? ಹಾಗಾದ್ರೆ ವರ್ಷತೊಡಕು ಹಬ್ಬ ಹೇಗಾಯ್ತು?

ಕರಡಚ್ಚು:
ಎಲ್ಲರಿಗೂ ನಮಸ್ಕಾರ. ಅಡ್ಡಿ, ತಡೆ, ತೊಡಕು, ಅಡಚಣೆ ಈ ನಾಲ್ಕನ್ನೂ ಸುದ್ದಿಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಅಂತ ಬಳಸೋದು ಹೆಚ್ಚಾಗಿದೆ. "ಮರ ಉರುಳಿ ಸಂಚಾರಕ್ಕೆ ತೊಡಕು" ಅಂತ ಒಂದು ಕಡೆ, "ಯೋಜನೆಗೆ ಕಾನೂನಿನ ಅಡಚಣೆ" ಅಂತ ಇನ್ನೊಂದು ಕಡೆ. ತಲೆಬರಹದಲ್ಲಿ ಎಷ್ಟು ಅಕ್ಷರ ಹಿಡಿಸುತ್ತೆ ಅಂತ ನೋಡಿ ಪದ ಆರಿಸಿದ ಹಾಗಿರುತ್ತೆ. ಕೇಳೋದು ಎರಡು. ಮೊದಲನೇದು, ಇವುಗಳ ನಡುವೆ ನಿಜವಾಗಿ ವ್ಯತ್ಯಾಸ ಇದೆಯಾ, ಇದ್ದರೆ ಪರೀಕ್ಷೆ ಮಾಡೋದು ಹೇಗೆ? ಎರಡನೇದು, ತೊಡಕು ಅಂದ್ರೆ ತೊಂದರೆ ಅಂತಾದ್ರೆ ಯುಗಾದಿ ಮಾರನೇ ದಿನಕ್ಕೆ ವರ್ಷತೊಡಕು ಅಂತ ಯಾಕೆ ಹೆಸರು? ಹೊಸ ವರ್ಷದ ಎರಡನೇ ದಿನಕ್ಕೇ ಯಾರಾದರೂ ತೊಂದರೆ ಅಂತ ಹೆಸರಿಡ್ತಾರಾ?

ಲಾಳಿಮನೆ:
ವ್ಯತ್ಯಾಸ ಖಂಡಿತ ಇದೆ. ತೊಡಕು ದಾರದ ಮಾತು. ಅಡ್ಡಿ ದಾರಿಯ ಮಾತು.

ನೂಲಿನ ಲಡಿಯನ್ನೇ ನೋಡಿ. ಸುತ್ತುಗಳು ಜಾರಬಾರದು ಅಂತ ಲಡಿಗೆ ಮೂರು ನಾಲ್ಕು ಕಡೆ ಅಡ್ಡ ದಾರ ಕಟ್ಟಿರ್ತಾರೆ. ಲಡಿಯನ್ನು ತಿರುಗುವ ಚೌಕಟ್ಟಿಗೆ ಏರಿಸಿ, ಬಿಗಿ ಮಾಡಿ, ಆಮೇಲೆ ಆ ಕಟ್ಟು ಕತ್ತರಿಸಬೇಕು. ಕೈಯಲ್ಲಿ ಹಿಡಿದಾಗಲೇ ಕತ್ತರಿಸಿದ್ರೆ ಒಳಗಿನ ಸುತ್ತು ಹೊರಗಿನ ಸುತ್ತಿನ ಮೇಲೆ ಜಾರಿ ಕೂರುತ್ತೆ. ಆಗ ಎಳೆ ಎಲ್ಲೂ ಕಡಿದಿರಲ್ಲ, ಗಂಟೂ ಬಿದ್ದಿರಲ್ಲ, ಆದರೂ ಮುಂದಕ್ಕೆ ಬರಲ್ಲ. ತೊಡಕು ಅಂದ್ರೆ ಇದೇ. ಅಲ್ಲಿ ಹೊರಗಿನ ವಸ್ತು ಯಾವುದೂ ಇಲ್ಲ, ಆ ನೂಲೇ ತನಗೆ ತಾನು ಸಿಕ್ಕಿಕೊಂಡಿದೆ. ಎಳೆದಷ್ಟೂ ಬಿಗಿಯಾಗುತ್ತೆ.

ಅಡ್ಡಿ ಹಾಗಲ್ಲ. ನೀವು ಹೋಗೋ ದಿಕ್ಕಿಗೆ ಅಡ್ಡಲಾಗಿ ಬಿದ್ದಿರೋದು ಅಡ್ಡಿ. ಮರ, ಕಲ್ಲು, ಮನುಷ್ಯ ಯಾವುದೂ ಆಗಬಹುದು. ಅದನ್ನು ಎತ್ತಿ ಪಕ್ಕಕ್ಕಿಟ್ರೆ ಮುಗೀತು.

ಪರೀಕ್ಷೆ ಕೇಳಿದ್ರಲ್ಲ, ಜೊತೆಗೆ ಬರೋ ಕ್ರಿಯಾಪದ ನೋಡಿ. ತೊಡಕನ್ನು ಬಿಡಿಸ್ತೀವಿ. ಅಡ್ಡಿಯನ್ನು ಸರಿಸ್ತೀವಿ, ತೆಗೀತೀವಿ. ತಡೆಯನ್ನು ತೆರವು ಮಾಡ್ತೀವಿ. "ತೊಡಕನ್ನು ಸರಿಸಿದರು" ಅಂತ ಬಾಯಲ್ಲಿ ಹೇಳಿ ನೋಡಿ, ನಾಲಿಗೆಯೇ ಒಪ್ಪಲ್ಲ.

ಹೊಳೆಸಾಲು:
"ಬಿಡಿಸು" ಪರೀಕ್ಷೆ ಚೆನ್ನಾಗಿದೆ. ಬರೆದಿಟ್ಕೊಂಡೆ.

ಪಡಸಾಲೆ:
ಲಾಳಿಮನೆ ಸರ್, ಹಾಗಾದ್ರೆ ಸಿಕ್ಕು? ಕೂದಲಿಗೆ ಸಿಕ್ಕು ಅಂತೀವಿ, ತೊಡಕು ಅನ್ನಲ್ಲ. ಅದನ್ನೂ ಬಿಡಿಸೋದೇ.

ಲಾಳಿಮನೆ:
ಸಿಕ್ಕು, ತೊಡಕು ಒಂದೇ ಮನೆಯವು ಮೇಡಂ. ಸಿಕ್ಕು ಹೆಚ್ಚಾಗಿ ಬಿಡಿಬಿಡಿ ಎಳೆಗಳದ್ದು, ಕೂದಲು, ನಾರು, ಬೇರು ಇಂಥವು. ತೊಡಕು ಒಂದೇ ಉದ್ದನೆಯ ಎಳೆಯದ್ದು, ಇಲ್ಲವೇ ಒಂದು ವಸ್ತು ಇನ್ನೊಂದಕ್ಕೆ ಸುತ್ತಿಕೊಂಡಿದ್ದು. ಹಗ್ಗ ಎಮ್ಮೆ ಕಾಲಿಗೆ ತೊಡಕಿತು ಅಂತೀವಿ, ಸೀರೆ ಸೆರಗು ಸೈಕಲ್ ಚಕ್ರಕ್ಕೆ ತೊಡಕಿತು ಅಂತೀವಿ. ಬಿಡಿಸೋ ಕ್ರಮವೂ ಬೇರೆ. ಕೂದಲ ಸಿಕ್ಕನ್ನು ತುದಿಯಿಂದ ಬುಡದ ಕಡೆಗೆ ಸ್ವಲ್ಪಸ್ವಲ್ಪವೇ ಬಿಡಿಸಬೇಕು. ನೂಲಿನ ತೊಡಕಲ್ಲಿ ತುದಿ ಹುಡುಕಿ ಎಳೆಯೋಕೆ ಹೋಗೋದೇ ಮೊದಲ ತಪ್ಪು. ಮೊದಲು ಇಡೀ ಮುದ್ದೆಯನ್ನು ಬೆರಳಲ್ಲಿ ಅಗಲ ಮಾಡಿ ಸಡಿಲ ಬಿಡಬೇಕು. ಅರ್ಧಕ್ಕರ್ಧ ತೊಡಕು ಅದರಲ್ಲೇ ಬಿಡುತ್ತೆ. ತುದಿ ಕೊನೆಗೆ.

ಬಸ್ಸಾರುಮುದ್ದೆ:
ಎರಡನೇ ಪ್ರಶ್ನೆಗೆ ಬರ್ತೀನಿ. ಮಂಡ್ಯ, ಮೈಸೂರು, ರಾಮನಗರ, ತುಮಕೂರು, ಹಾಸನದ ಕಡೆ ಜನ ಕೊಡೋ ಅರ್ಥ ಇದು: ಅವತ್ತು ಏನು ಮಾಡ್ತೀವೋ ಅದು ವರ್ಷವೆಲ್ಲ ನಮಗೆ ತೊಡಕಿಕೊಂಡಿರುತ್ತೆ. ಅಂದ್ರೆ ಅಂಟಿಕೊಂಡು ಬರುತ್ತೆ. ಅದಕ್ಕೇ ಅವತ್ತು ಸಾಲ ಕೊಡಲ್ಲ, ಜಗಳ ಆಡಲ್ಲ, ಹೊಟ್ಟೆ ತುಂಬ ಬಾಡೂಟ ಉಣ್ತಾರೆ. ಇಸ್ಪೀಟು ಆಡೋದಕ್ಕೂ ಇದನ್ನೇ ನೆಪ ಹೇಳ್ತಾರೆ. ಇಲ್ಲಿ ತೊಡಕು ಅಂದ್ರೆ ತೊಂದರೆ ಅಲ್ಲ ಕಣಣ್ಣ, ನಂಟು.

ನುಡಿಬೇರು:
ಬಸ್ಸಾರುಮುದ್ದೆಯವರು ಹೇಳಿದ್ದು ಜನರ ವಿವರಣೆ, ಅದನ್ನು ಗೌರವಿಸ್ತೀನಿ. ಆದರೆ ಪದದ ಮೂಲ ಬೇರೆ. ಅದು ವರ್ಷದ ತೊಡಗು, ಅಂದ್ರೆ ಆರಂಭ. "ಕೆಲಸಕ್ಕೆ ತೊಡಗಿದ" ಅನ್ನೋ ತೊಡಗು. ತಮಿಳಲ್ಲಿ ತೊಡಕ್ಕಂ ಅಂದ್ರೆ ಇವತ್ತಿಗೂ ಆರಂಭವೇ. ತೊಡಗು ಅನ್ನೋದು ಬಾಯಲ್ಲಿ ತೊಡಕು ಆಗಿದೆ, ಅಷ್ಟೇ.

ಹಳಗನ್ನಡಿ:
ಅಷ್ಟು ಸುಲಭಕ್ಕೆ "ಅಷ್ಟೇ" ಅನ್ನಬೇಡಿ. ಪದದ ನಡುವಿನ ಗಕಾರ ಆಡುಮಾತಲ್ಲಿ ಕಕಾರ ಆಗೋದು ಕನ್ನಡದ ರೂಢಿ ಅಲ್ಲ. ತೊಡಗು ಸವೆದು ತೊಡಕು ಆಯ್ತು ಅನ್ನೋಕೆ ಆಗಲ್ಲ.

ಇಲ್ಲಿ ಇರೋದು ಸವಕಲು ಅಲ್ಲ, ಜೋಡಿ. ಹಳಗನ್ನಡದಲ್ಲಿ ತೊಡಂಗು ಅಂದ್ರೆ ಶುರುಮಾಡು, ತೊಡಂಕು ಅಂದ್ರೆ ಸಿಕ್ಕಿಕೊಳ್ಳು. ಅಡಗು, ಅಡಕು ಜೋಡಿಯನ್ನು ಪಕ್ಕಕ್ಕಿಟ್ಟು ನೋಡಿ. ಅಡಗು ಅಂದ್ರೆ ತಾನೇ ಒಳಗೆ ಸೇರೋದು, ಅಡಕು ಅಂದ್ರೆ ಇನ್ನೊಂದನ್ನು ಒಳಗೆ ಒತ್ತೋದು. ತಮಿಳಲ್ಲಿ ಇದೇ ಅಡಂಗು, ಅಡಕ್ಕು. ಅದೇ ಅಚ್ಚಿನಲ್ಲಿ ತೊಡಂಗು, ತೊಡಕ್ಕು. ಎರಡರ ಬುಡದಲ್ಲೂ ಇರೋದು ಒಂದಕ್ಕೊಂದು ತಾಗುವ, ಸೇರುವ ಅರ್ಥ. ಮೈಗೆ ಸೇರಿಸಿಕೊಂಡ್ರೆ ತೊಡು, ತೊಡುಗೆ. ಕೆಲಸಕ್ಕೆ ಸೇರಿಕೊಂಡ್ರೆ ತೊಡಗು. ಬಿಡಿಸಲಾಗದ ಹಾಗೆ ಸೇರಿಕೊಂಡ್ರೆ ತೊಡಕು. ಕಾಲಿಗೆ ಸೇರಿಕೊಂಡ್ರೆ ತೊಡರು. ತಮಿಳಿನವರ ತೊಡರ್ ಅಂದ್ರೆ ಒಂದರ ಹಿಂದೆ ಒಂದು ಸೇರಿಕೊಂಡು ಬರೋದು, ಮುಂದುವರಿಯೋದು.

ಹಾಗಾಗಿ ಬಸ್ಸಾರುಮುದ್ದೆ ಹೇಳಿದ "ಅಂಟಿಕೊಂಡು ಬರುತ್ತೆ" ಅನ್ನೋ ಅರ್ಥ ಜನ ಕಟ್ಟಿದ ಕತೆ ಅಂತ ತಳ್ಳಿಹಾಕೋ ಹಾಗಿಲ್ಲ. ಬೇರಿಗೆ ಹತ್ತಿರ ಇರೋದು ಅದೇ.

ನುಡಿಬೇರು:
ಅಡಗು, ಅಡಕು ಜೋಡಿ ಒಪ್ಪಿದೆ. ಗಕಾರ ಕಕಾರ ಆಯ್ತು ಅಂದಿದ್ದು ನನ್ನ ತಪ್ಪು. ಆದರೆ ಹಬ್ಬದ ಹೆಸರಲ್ಲಿ ಆರಂಭದ ಅರ್ಥ ಇಲ್ಲ ಅನ್ನೋದನ್ನು ಈಗಲೂ ಒಪ್ಪಲ್ಲ. ಯುಗಾದಿ ಚೈತ್ರ ಶುದ್ಧ ಪಾಡ್ಯ, ತೊಡಕು ಬಿದಿಗೆ. ಹೊಸ ಚಂದ್ರ ಕಣ್ಣಿಗೆ ಬೀಳೋದು ಬಿದಿಗೆಯ ಸಂಜೆ. ಚಂದ್ರನನ್ನು ನೋಡಿ ಹಿರಿಯರಿಗೆ ಅಡ್ಡಬೀಳೋ ಪದ್ಧತಿ ಇದೆ. ಕಣ್ಣಿಗೆ ಕಾಣೋ ತಿಂಗಳು ತೊಡಗೋದು ಅವತ್ತೇ.

ಹಳಗನ್ನಡಿ:
ಇದು ಗಟ್ಟಿ ವಾದ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಕೋತೀನಿ.

ಕರಡಚ್ಚು:
ಇನ್ನೊಂದು ಅನುಮಾನ. ಬೆಂಗಳೂರು ಗ್ರಾಮಾಂತರದ ಕಡೆ "ಹೊಸದೊಡಕು" ಅಂತಾರೆ, ಬರೀತಾರೆ ಕೂಡ. ತ ಹೋಗಿ ದ ಬಂದಿರೋದು ತಪ್ಪಲ್ವಾ?

ಹಳಗನ್ನಡಿ:
ತಪ್ಪಲ್ಲ. ಆದೇಶ ಸಂಧಿ. ಮಳೆ + ಕಾಲ = ಮಳೆಗಾಲ, ಬೆಟ್ಟ + ತಾವರೆ = ಬೆಟ್ಟದಾವರೆ, ಕಣ್ + ಪನಿ = ಕಂಬನಿ. ಎರಡನೇ ಪದದ ಮೊದಲ ಕ, ತ, ಪಗಳಿಗೆ ಗ, ದ, ಬ ಬರುತ್ತೆ. ಹೊಸ + ತೊಡಕು = ಹೊಸದೊಡಕು. ತಿದ್ದೋಕೆ ಹೋಗಬೇಡಿ, ವ್ಯಾಕರಣ ಓದದವರ ಬಾಯಲ್ಲೂ ಸಂಧಿ ಎಷ್ಟು ಸರಿಯಾಗಿ ಆಗಿದೆ ನೋಡಿ. "ವರ್ಷದ ತೊಡಕು" ಅಂತ ವಿಭಕ್ತಿ ಸೇರಿಸಿ ಬಿಡಿಸಿ ಹೇಳಿದ್ರೆ ತ ಹಾಗೇ ಉಳಿಯುತ್ತೆ.

ಕೆರೆಏರಿ:
ಗುಡ್ಡೆ ಬಾಡಿನ ವಿಷಯ ಯಾರೂ ಎತ್ತಲೇ ಇಲ್ಲವಲ್ಲ! ತೊಡಕಿನ ಜೀವ ಇರೋದೇ ಅಲ್ಲಿ.

ಬಸ್ಸಾರುಮುದ್ದೆ:
ಹೇಳ್ತೀನಿ ಕೇಳಿ. ಊರಲ್ಲಿ ಹತ್ತು ಹನ್ನೆರಡು ಮನೆಯವರು ಸೇರಿ ತಿಂಗಳು ತಿಂಗಳು ಚೀಟಿ ದುಡ್ಡು ಹಾಕ್ತಾರೆ. ಹಬ್ಬಕ್ಕೆ ಮುಂಚೆ ಮರಿ ಹಿಡೀತಾರೆ. ಜೀವ ತೂಕ 30 ಕೆ.ಜಿ. ಇರೋ ಮರಿಯಲ್ಲಿ ಮೂಳೆ ಸೇರಿ 14 ಕೆ.ಜಿ. ಆಸುಪಾಸು ಮಾಂಸ ಸಿಗುತ್ತೆ. ಹನ್ನೆರಡು ಪಾಲು ಅಂದ್ರೆ ಪಾಲಿಗೆ ಒಂದು ಕೆ.ಜಿ. ಮೇಲೆ ಸ್ವಲ್ಪ. ಕುಡಿ ಬಾಳೆಲೆಯನ್ನು ಸಾಲಾಗಿ ಹಾಸಿ ಗುಡ್ಡೆ ಹಾಕ್ತಾರೆ.

ತಪ್ಪೋದು ಎಲ್ಲಿ ಗೊತ್ತಾ? ಒಂದು ಗುಡ್ಡೆ ತುಂಬಿಸಿ ಮುಗಿಸಿ ಇನ್ನೊಂದಕ್ಕೆ ಹೋದ್ರೆ ಮೊದಲ ಗುಡ್ಡೆಗೆ ತೊಡೆ ಮಾಂಸ, ಕೊನೆಯದಕ್ಕೆ ಬರೀ ಮೂಳೆ. ಅದಕ್ಕೆ ಸುತ್ತು ಹಾಕಬೇಕು. ಮೊದಲ ಸುತ್ತು ತೊಡೆ, ಎಲ್ಲ ಗುಡ್ಡೆಗೂ ಒಂದೊಂದು ತುಂಡು. ಎರಡನೇ ಸುತ್ತು ಪಕ್ಕೆ. ಆಮೇಲೆ ಕತ್ತು, ಲಿವರ್, ಕೊಬ್ಬು, ಬೋಟಿ. ತಲೆ ಕಾಲನ್ನು ಪಾಲಿಗೆ ಸೇರಿಸದೆ ಬೇರೆ ಕೂಗಿ ಮಾರ್ತಾರೆ, ಆ ದುಡ್ಡು ಮತ್ತೆ ಚೀಟಿಗೆ. ಕೊನೆಗೆ ಒಬ್ಬರು ಗುಡ್ಡೆಗೆ ಬೆನ್ನು ಹಾಕಿ ನಿಂತ್ಕೋತಾರೆ, ಇನ್ನೊಬ್ಬರು ಒಂದು ಗುಡ್ಡೆ ಮುಟ್ಟಿ "ಇದ್ಯಾರ್ದು?" ಅಂತಾರೆ, ಬೆನ್ನು ಹಾಕಿದವರು ಹೆಸರು ಕೂಗ್ತಾರೆ. ಆಮೇಲೆ ಯಾರೂ ತಕರಾರು ಎತ್ತೋ ಹಾಗಿಲ್ಲ.

ಹೊಳೆಸಾಲು:
ತೊಡಕು ಸೋಮವಾರ ಬಿದ್ರೆ ಸೋಮವಾರ ಹಿಡಿಯೋ ಮನೆಯವರು ಮಂಗಳವಾರಕ್ಕೆ ಹಾಕ್ತಾರೆ, ಅದನ್ನೂ ಸೇರಿಸಿ.

ಕಡಲಬದಿ:
ನೀವೆಲ್ಲ ತೊಡಕಲ್ಲೇ ಉಳಿದ್ರಿ, ಅಡ್ಡಿಯ ಸೊಗಸು ನೋಡಿ ಮಾರಾಯ್ರೆ. ಕುಂದಾಪುರದಿಂದ ಕಾರವಾರದವರೆಗೆ "ಅಡ್ಡಿಲ್ಲ" ಅಂದ್ರೆ "ಪರವಾಗಿಲ್ಲ, ಚೆನ್ನಾಗಿಯೇ ಇದೆ" ಅಂತ. "ಸಾರು ಹ್ಯಾಂಗಿತ್ತು?" "ಅಡ್ಡಿಲ್ಲ." ಇದು ಹೊಗಳಿಕೆ. ಬೆಂಗಳೂರಿನವರು ಕೇಳಿದ್ರೆ ಸಾರಿಗೂ ಅಡ್ಡಿಗೂ ಏನು ಸಂಬಂಧ ಅಂತಾರೆ. ಒಪ್ಪಿಗೆಗೂ ಇದೇ ಪದ. "ನಾಳೆ ಬರ್ಲಾ?" "ಅಡ್ಡಿಲ್ಲ." ಹೇಳೋ ಧಾಟಿ ಮೇಲೆ ಅರ್ಥ ಏರಿಳಿಯುತ್ತೆ. ಕೊನೆಯ ಲಕಾರ ಎಳೆದ್ರೆ ಮೆಚ್ಚುಗೆ ಹೆಚ್ಚು. ಗಕ್ಕನೆ ನಿಲ್ಲಿಸಿದ್ರೆ ಬರೀ ಒಪ್ಪಿಗೆ.

ಅಗಸಿಬಾಗಲು:
ಧಾರವಾಡದ ಕಡೆನೂ ಐತ್ರಿ ಇದು. "ಏನಡ್ಡಿ ಇಲ್ಲ, ಬರ್ರಿ" ಅಂತೀವಿ. ಮತ್ತ ನಮ್ಮಲ್ಲೆ ಅಡ್ಡಹೆಸರು ಅಂದ್ರ ಮನೆತನದ ಹೆಸರು. ಪಾಟೀಲ, ದೇಸಾಯಿ, ಬಡಿಗೇರ, ಮೆಣಸಿನಕಾಯಿ ಎಲ್ಲಾ ಅಡ್ಡಹೆಸರು. ಮೈಸೂರು ಕಡೆಯವರಿಗೆ "ನಿಮ್ಮ ಅಡ್ಡಹೆಸರೇನ್ರೀ" ಅಂತ ಕೇಳಿದ್ರ ಸಿಟ್ಟಾಗ್ತಾರ, ಅವರಲ್ಲೆ ಅದು ಚೇಷ್ಟೆಗೆ ಇಟ್ಟ ಹೆಸರು. ಅಡ್ಡಾಡೋದು ಅಂದ್ರೂ ನಮ್ಮಲ್ಲೆ ಬರೇ ತಿರುಗಾಡೋದು, ಯಾರಿಗೂ ಅಡ್ಡ ಬರೋದಲ್ಲ.

ಲಾಳಿಮನೆ:
ಅಡ್ಡದ ಮೂಲ ಅರ್ಥ ಅಡಚಣೆಯೇ ಅಲ್ಲ, ದಿಕ್ಕು. ಉದ್ದಕ್ಕೆ ಎದುರಾಗಿ ಅಡ್ಡ. ಮಗ್ಗದಲ್ಲಿ ಹಾಸು ಉದ್ದ, ಹೊಕ್ಕು ಅಡ್ಡ. ಹೊಕ್ಕು ಅಡ್ಡ ಬಂದ್ರೇ ಬಟ್ಟೆ. ಅಡ್ಡರಸ್ತೆ, ಅಡ್ಡಪಲ್ಲಕ್ಕಿ, ಅಡ್ಡಮತದಾನ, ಅಡ್ಡಪರಿಣಾಮ ಇವುಗಳಲ್ಲಿ ಎಲ್ಲೂ ತಡೆಯೋ ಅರ್ಥ ಇಲ್ಲ. ದಾರಿಗೆ ಅಡ್ಡ ಆದಾಗ ಮಾತ್ರ ಅದು ಅಡ್ಡಿ.

ಕಟಕಟೆ:
ಕಾನೂನಿನ ಕನ್ನಡದಲ್ಲಿ ಈ ಪದಗಳು ಕಲಸಿದ್ರೆ ಅನಾಹುತ, ಅದಕ್ಕೆ ಬರೀತಿದ್ದೀನಿ. "ಕರ್ತವ್ಯಕ್ಕೆ ಅಡ್ಡಿ" ಅಂತ ಪತ್ರಿಕೆಯಲ್ಲಿ ಬರೋದು ಎರಡು ಬೇರೆ ಅಪರಾಧಗಳಿಗೆ. ಸರ್ಕಾರಿ ನೌಕರರ ಕೆಲಸಕ್ಕೆ ಬೇಕೆಂದೇ ಅಡ್ಡಿ ಮಾಡೋದು ಹಳೆಯ ಐಪಿಸಿ 186. ಹಲ್ಲೆ ಅಥವಾ ಬಲಪ್ರಯೋಗ ಮಾಡಿ ಕೆಲಸ ಮಾಡದ ಹಾಗೆ ಮಾಡೋದು 353. ಮೊದಲನೆಯದಕ್ಕೆ ಹೆಚ್ಚೆಂದ್ರೆ 3 ತಿಂಗಳು, ಎರಡನೆಯದಕ್ಕೆ 2 ವರ್ಷ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 221 ಮತ್ತು 132. ಎರಡಕ್ಕೂ "ಅಡ್ಡಿ" ಅಂತ ಒಂದೇ ಪದ ಬರೆದ್ರೆ ಓದುಗರಿಗೆ ಹಲ್ಲೆ ಆಗಿದೆಯೋ ಇಲ್ಲವೋ ತಿಳಿಯಲ್ಲ. ಎರಡನೆಯದಕ್ಕೆ "ಹಲ್ಲೆ ನಡೆಸಿ ಕರ್ತವ್ಯಕ್ಕೆ ಅಡ್ಡಿ" ಅಂತ ಬಿಡಿಸಿ ಬರೀಬೇಕು.

ಒಬ್ಬರನ್ನು ಅವರು ಹೋಗೋ ಹಕ್ಕಿರೋ ದಿಕ್ಕಿಗೆ ಬಿಡದೆ ನಿಲ್ಲಿಸೋದು ಅಕ್ರಮ ತಡೆ, ಈಗ 126ನೇ ಕಲಂ. ಅಲ್ಲಿ ಅಡ್ಡಿ ಅನ್ನಬಾರದು, ತಡೆಯೇ ಸರಿ.

ಇನ್ನು ತಡೆಯಾಜ್ಞೆ. ನ್ಯಾಯಾಲಯ ಅದನ್ನು ನೀಡುತ್ತೆ, ಕಕ್ಷಿದಾರರು ತರ್ತಾರೆ, ಆಮೇಲೆ ನ್ಯಾಯಾಲಯವೇ ತೆರವು ಮಾಡುತ್ತೆ. "ತಡೆಯಾಜ್ಞೆ ರದ್ದು" ಅಂತಾನೂ ಬರೀತಾರೆ, ತಪ್ಪಲ್ಲ, ಆದರೆ ರೂಢಿ "ತೆರವು".

ಪಡಸಾಲೆ:
ಕಟಕಟೆ ಸರ್, ಸೈಟು ಜಮೀನಿಗೆ "ತೊಡಕಿದೆ" ಅಂತಾರಲ್ಲ, ಅದು?

ಕಟಕಟೆ:
ಅಲ್ಲಿ ತೊಡಕು ಸರಿಯಾದ ಪದ ಮೇಡಂ. ಯಾರೋ ಬಂದು ಅಡ್ಡ ನಿಂತಿರಲ್ಲ, ದಾಖಲೆಗಳೇ ಒಂದಕ್ಕೊಂದು ಸುತ್ತಿಕೊಂಡಿರ್ತವೆ. ಪಹಣಿಯಲ್ಲಿ ಮೂರು ಜನರ ಹೆಸರು ಜಂಟಿಯಾಗಿ ಇರುತ್ತೆ, ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡೋದು) ಆಗಿರಲ್ಲ. ಪಹಣಿ ವಿಸ್ತೀರ್ಣಕ್ಕೂ ಸರ್ವೆ ಇಲಾಖೆಯ ದಾಖಲೆಯಾದ ಆಕಾರ್‌ಬಂದ್ ವಿಸ್ತೀರ್ಣಕ್ಕೂ ತಾಳೆ ಬರಲ್ಲ. 11ನೇ ಕಲಮಿನಲ್ಲಿ ಬ್ಯಾಂಕಿನ ಋಣ ಇರುತ್ತೆ, ಸಾಲ ತೀರಿದ್ರೂ ತೆಗೆಸಿರಲ್ಲ. ಋಣಭಾರ ಪತ್ರ (ಇ.ಸಿ.) ತೆಗೆದಾಗ ವ್ಯವಹಾರಗಳು ಇದ್ರೆ ನಮೂನೆ 15 ಬರುತ್ತೆ, ಏನೂ ಇಲ್ಲದಿದ್ರೆ ನಮೂನೆ 16. ಆದರೆ ನೋಂದಣಿ ಆಗದ ಕರಾರು, ಮನೆಯೊಳಗಿನ ಪಾಲಿನ ಜಗಳ ಋಣಭಾರ ಪತ್ರದಲ್ಲಿ ಕಾಣಲ್ಲ. ಹಾಗಾಗಿ 16 ಬಂತು ಅಂತ ತೊಡಕಿಲ್ಲ ಅಂದ್ಕೊಂಡು ಮುಂಗಡ ಕೊಡಬೇಡಿ. ವಂಶವೃಕ್ಷ ತರಿಸಿ ಹೆಸರಿಗೆ ಹೆಸರು ತಾಳೆ ನೋಡಿ.

ಕರಡಚ್ಚು:
ಹಾಗಾದ್ರೆ ಮಹದಾಯಿ ನದಿ ನೀರಿನ ಯೋಜನೆಗೆ? ಅಲ್ಲಿ "ಅಡ್ಡಿ" ಅಂತಾನೂ ಬರುತ್ತೆ, "ತೊಡಕು" ಅಂತಾನೂ ಬರುತ್ತೆ.

ಕಟಕಟೆ:
ಏನನ್ನು ಹೇಳ್ತಿದ್ದೀರಿ ಅನ್ನೋದರ ಮೇಲೆ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು, 2020ರ ಫೆಬ್ರುವರಿಯಲ್ಲಿ ಅಧಿಸೂಚನೆ ಆಯ್ತು. ಆಮೇಲೂ ಅರಣ್ಯ ಮತ್ತು ವನ್ಯಜೀವಿ ಅನುಮತಿ, ಸುಪ್ರೀಂ ಕೋರ್ಟಿನ ಅರ್ಜಿಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಇದನ್ನೆಲ್ಲ ಒಟ್ಟಿಗೆ ಹೇಳಿದ್ರೆ ತೊಡಕು. ಗೋವಾ ಸರ್ಕಾರದ ಆಕ್ಷೇಪ ಒಂದನ್ನೇ ಹೇಳಿದ್ರೆ ಅಡ್ಡಿ.

ಅಗಸಿಬಾಗಲು:
ನೀರ ಬರೂತನಕ ಪದ ಯಾವುದಿದ್ರೂ ನಮಗ ಅಷ್ಟ ರೀ. ಆದ್ರ ನೀವು ಹೇಳಿದ್ದು ಸರಿ ಐತಿ.

ನುಡಿಬೇರು:
ಅಡಚಣೆಯನ್ನು ಮರೆತ್ರಿ. ಮರಾಠಿಯಲ್ಲಿ ಅಡಚಣ, ಹಿಂದಿಯಲ್ಲಿ ಅಡಚನ್. ಕನ್ನಡದಲ್ಲಿ ಅದು ಮೆತ್ತಗಿನ ಪದ. ನಡೀತಿದ್ದದ್ದು ಸ್ವಲ್ಪ ಹೊತ್ತು ನಿಲ್ಲೋದು, ಆಮೇಲೆ ಮತ್ತೆ ಶುರು ಆಗೋದು. ಟೀವಿಯಲ್ಲಿ ಬರ್ತಿದ್ದ "ಅಡಚಣೆಗಾಗಿ ಕ್ಷಮಿಸಿ" ಅದಕ್ಕೇ ಅಷ್ಟು ಹೊಂದುತ್ತೆ. "ತೊಡಕಿಗಾಗಿ ಕ್ಷಮಿಸಿ" ಅಂದ್ರೆ ಟೀವಿ ರಿಪೇರಿಯೇ ಆಗಲ್ಲವೇನೋ ಅನ್ನಿಸುತ್ತೆ. ಇನ್ನೊಂದು ಬಳಕೆ ಹಣದ್ದು. "ಈ ತಿಂಗಳು ಸ್ವಲ್ಪ ಅಡಚಣೆ" ಅಂದ್ರೆ ಕೈಯಲ್ಲಿ ಕಾಸಿಲ್ಲ ಅಂತ, ಕೇಳಿದವರು ಮುಂದೆ ಮಾತಾಡಲ್ಲ.

ಹಳಗನ್ನಡಿ:
ಆತಂಕವನ್ನೂ ಸೇರಿಸಿ. "ಅಡ್ಡಿ ಆತಂಕ ಇಲ್ಲದೆ ನಡೆಯಿತು" ಅನ್ನುವಾಗ ಆತಂಕ ಅಂದ್ರೆ ಅಡ್ಡಿಯೇ. ತೆಲುಗಿನಲ್ಲಿ ಆಟಂಕಂ ಈಗಲೂ ಅಡ್ಡಿ. ನಮ್ಮಲ್ಲಿ ಒಂಟಿಯಾಗಿ ಬಂದ್ರೆ ಕಳವಳ ಅಂತಾಗಿದೆ. ಜೋಡಿನುಡಿಯಲ್ಲಿ ಮಾತ್ರ ಹಳೆಯ ಅರ್ಥ ಉಳಿದಿದೆ. ಎಡರು ತೊಡರು ಕೂಡ ಹಾಗೇ, ಎಡರು ಒಂಟಿಯಾಗಿ ಈಗ ಯಾರ ಬಾಯಲ್ಲೂ ಇಲ್ಲ.

ಕೆರೆಏರಿ:
"ತಡೆ ಒಡೆಸೋದು" ಬಿಟ್ರಾ? ಮದುವೆ ಕೂಡಿಬರ್ತಿಲ್ಲ, ಬೋರು ಕೊರೆಸಿದಷ್ಟೂ ಕೆಡ್ತಿದೆ ಅಂದ್ರೆ ದೇವಸ್ಥಾನಕ್ಕೆ ಹೋಗಿ ತಡೆ ಒಡೆಸ್ತಾರೆ. ಇಲ್ಲಿ ತಡೆಯನ್ನು ತೆರವು ಮಾಡಲ್ಲ, ಒಡೀತಾರೆ. ಲಾಳಿಮನೆ ಸರ್ ಪರೀಕ್ಷೆಗೆ ಹೊಂದಲ್ವಲ್ಲ.

ಲಾಳಿಮನೆ:
ಒಳ್ಳೆ ಉದಾಹರಣೆ ಕೊಟ್ರಿ. ತಡೆಗೆ ಎರಡು ಕ್ರಿಯಾಪದ ಅಂತ ಇಟ್ಕೊಳ್ಳೋಣ. ಹಾಕಿದವರೇ ತೆಗೆದ್ರೆ ತೆರವು, ಹಾಕಿದವರು ಯಾರು ಅಂತ ಗೊತ್ತಿಲ್ಲದಿದ್ರೆ ಒಡೆಯೋದು. ಆದರೂ ತಡೆಯನ್ನು "ಬಿಡಿಸೋದು" ಅನ್ನಲ್ಲ, ಅದು ತೊಡಕಿಗೇ ಮೀಸಲು.

ಸೂಜಿಮಲ್ಲಿಗೆ:
ವಿಷಯ ಬಿಟ್ಟು ಕೇಳ್ತಿದ್ದೀನಿ, ದಾರದ ಮಾತು ಬಂತಲ್ಲ ಅಂತ. ಹೊಲಿಗೆ ಯಂತ್ರದಲ್ಲಿ ಬಟ್ಟೆಯ ಕೆಳಗಡೆ ದಾರ ಗುಂಜುಗುಂಜಾಗಿ ತೊಡಕಿಕೊಳ್ಳುತ್ತೆ. ಬಾಬಿನ್ ಬದಲಿಸಿದ್ರೂ ಅದೇ ಕತೆ. ಯಾಕೆ?

ಲಾಳಿಮನೆ:
ಕೆಳಗಡೆ ತೊಡಕು ಕಂಡ್ರೂ ತಪ್ಪು ಇರೋದು ಮೇಲ್ದಾರದಲ್ಲಿ ಅಕ್ಕ. ಬಾಬಿನ್ ಮುಟ್ಟಬೇಡಿ. ಬಟ್ಟೆ ಒತ್ತೋ ಪಾದ ಕೆಳಗಿಳಿದಿರುವಾಗ ದಾರ ಪೋಣಿಸಿದ್ರೆ ಬಿಗಿ ಕೊಡೋ ಎರಡು ಬಿಲ್ಲೆಗಳು ಮುಚ್ಚಿಕೊಂಡಿರ್ತವೆ. ದಾರ ಅವುಗಳ ನಡುವೆ ಇಳಿಯಲ್ಲ, ಮೇಲೇ ಕೂತಿರುತ್ತೆ. ಬಿಗಿ ಇಲ್ಲದ ದಾರ ಕೆಳಗೆ ಹೋಗಿ ಮುದ್ದೆ ಆಗುತ್ತೆ.

ಪಾದ ಮೇಲೆತ್ತಿ, ಸೂಜಿಯನ್ನು ಪೂರ್ತಿ ಮೇಲಕ್ಕೆ ತನ್ನಿ. ಮೇಲ್ದಾರ ಪೂರ್ತಿ ತೆಗೆದು ಮೊದಲಿಂದ ಪೋಣಿಸಿ. ಈಗ ಪಾದ ಇಳಿಸಿ ದಾರ ಎಳೆದು ನೋಡಿ, ಕೈಗೆ ಬಿಗಿ ಸಿಗಬೇಕು. ಪಾದ ಎತ್ತಿದ್ರೆ ಸಡಿಲ ಆಗಬೇಕು. ಎರಡೂ ಸ್ಥಿತಿಯಲ್ಲಿ ಸಡಿಲವೇ ಇದ್ರೆ ದಾರ ಬಿಲ್ಲೆಯೊಳಗೆ ಹೋಗಿಲ್ಲ. ಹೊಲಿಗೆ ಶುರು ಮಾಡುವಾಗ ಎರಡೂ ದಾರದ ತುದಿಯನ್ನು ಮೂರು ನಾಲ್ಕು ಇಂಚು ಹಿಂದಕ್ಕೆ ಎಳೆದು, ಮೊದಲ ಎರಡು ಮೂರು ಹೊಲಿಗೆ ಬೀಳೋವರೆಗೆ ಬೆರಳಲ್ಲಿ ಹಿಡಿದಿರಿ.

ಸೂಜಿಮಲ್ಲಿಗೆ:
ಪಾದ ಎತ್ತಿದ್ರೂ ಇಳಿಸಿದ್ರೂ ಸಡಿಲವೇ ಇತ್ತು ಅಣ್ಣ! ಎತ್ತಿ ಪೋಣಿಸಿದೆ, ಈಗ ಕೆಳಗಿನ ಹೊಲಿಗೆ ಸಾಫಾಗಿದೆ.

ಕರಡಚ್ಚು:
ಸೂಜಿಮಲ್ಲಿಗೆಯವರ ಯಂತ್ರದ ಜೊತೆ ನನ್ನ ಮೊದಲ ಪ್ರಶ್ನೆಯೂ ಸರಿಹೋಯ್ತು. ಹಾಗಾದ್ರೆ "ಮರ ಉರುಳಿ ಸಂಚಾರಕ್ಕೆ ಅಡ್ಡಿ" ಅಂತ ತಿದ್ದಿದೆ. ಮರ ಬಿದ್ದು ವಿದ್ಯುತ್ ತಂತಿ ಕೊಂಬೆಗೆ ಸುತ್ತಿಕೊಂಡು, ತೆರವು ಕೆಲಸ ತಡ ಆಗಿದ್ರೆ?

ಲಾಳಿಮನೆ:
ಸಂಚಾರಕ್ಕೆ ಅಡ್ಡಿ, ತೆರವು ಕಾರ್ಯಕ್ಕೆ ತೊಡಕು. ಎರಡೂ ಬರೀರಿ.